ಕಾಂಬೋ ಟೆಂಟು, ನೂರು ಬಂಗುಡೆ ಮತ್ತು ನಾಲ್ಕನೇ ಪಾಲು

ತುಂಬ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಆಫೀಸಿನಲ್ಲಿ ರಿಲೀಸು, ಊರಲ್ಲಿ ಮದುವೆ, ಮತ್ತೆ ಆಫೀಸಿನಲ್ಲಿ ರಿಲೀಸು... ಇರಲಿ. ನನ್ನ ರೂಮಿನ ಅಟ್ಟದ ಮೇಲೆ ಮೂರು ಪುಟಾಣಿ ಗ್ಯಾಸ್ ಸ್ಟವ್ ಕೂತಿವೆ. ಮೊನ್ನೆ ಧೂಳು ಹೊಡೆಯುವಾಗ ಅವು ಮೂರೂ ನನ್ನನ್ನೇ ನೋಡಿದ ಹಾಗಾಯ್ತು. ಅವುಗಳ ಕಥೆ ಹೇಳಿಬಿಡೋಣ ಅಂತ ಕೂತೆ. ಸ್ಟವ್ ಹುಡುಕಿಕೊಂಡು ಹೋದವನು 1801ನೇ ಇಸವಿಗೆ ಹೋಗಿ ಬಂದಿದ್ದೇನೆ, ಸ್ವಲ್ಪ ಉದ್ದ ಆದ್ರೆ ಬೈಕೊಳ್ಳಬೇಡಿ.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಎಕ್ಸ್‌ಪೋ ಇತ್ತು. ಚಾರಣ, ಕ್ಯಾಂಪಿಂಗು, ಸೈಕಲ್ಲು ಅಂತ ಹೊರಗೆ ತಿರುಗುವವರಿಗೇ ಮಾಡಿದ್ದು. ನಾವು ಮೂವರು ಹೋಗಿದ್ದೆವು, ಮೂವರೂ ಕುಂದಾಪುರದ ಕಡೆಯವರು, ಮೂವರೂ ಸಾಫ್ಟ್‌ವೇರು. ಒಂದು ಸ್ಟಾಲಿನಲ್ಲಿ ದೊಡ್ಡ ಬೋರ್ಡು: ಇಬ್ಬರ ಟೆಂಟು, ಎರಡು ಸ್ಲೀಪಿಂಗ್ ಬ್ಯಾಗು, ಎರಡು ಮ್ಯಾಟು, ಒಂದು ಲಾಟೀನು, ಒಂದು ಸ್ಟವ್. 14,999 ರೂ. ಅಂತ ಬರೆದು ಅದಕ್ಕೆ ಅಡ್ಡ ಗೆರೆ, ಕೆಳಗೆ 7,999 ರೂ. ಇವತ್ತು ಮಾತ್ರ! ನಾನೇ ಮೊದಲು ಕಾರ್ಡ್ ಉಜ್ಜಿದ್ದು. ಆಮೇಲೆ ಉಳಿದಿಬ್ಬರಿಗೆ 'ಏಳು ಸಾವಿರ ಉಳೀತದೆ ಮಾರಾಯ್ರೆ' ಅಂತ ಉಪದೇಶ ಮಾಡಿ ಅವರ ಕೈಲೂ ತೆಗೆಸಿದೆ. ಒಟ್ಟು 23,997 ರೂಪಾಯಿ.

ದೀಪಾವಳಿಗೆ ಊರಿಗೆ ಹೋದಾಗ ಟೆಂಟು ಹಾಕುವ ಪ್ಲಾನು. ಕೊಡಚಾದ್ರಿ ಅಂದುಕೊಂಡಿದ್ದೆವು, ಆದ್ರೆ ಅದು ಮೂಕಾಂಬಿಕಾ ಅಭಯಾರಣ್ಯ, ಅನುಮತಿ ಇಲ್ಲದೆ ಒಳಗೆ ಡೇರೆ ಹಾಕುವ ಹಾಗಿಲ್ಲ. ಅದಕ್ಕೆ ಬೈಂದೂರಿನ ಹತ್ತಿರ ನಮ್ಮ ನಾಲ್ಕನೆಯವನ ಮಾವನ ಗುಡ್ಡೆ ಅಂತ ನಿಶ್ಚಯ ಆಯ್ತು. ನಾಲ್ಕನೆಯವನು ಅಂದ್ರೆ ನಮ್ಮ ಜೊತೆ ಹೈಸ್ಕೂಲು ಓದಿದವನು, ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಊರಲ್ಲೇ ವೈರಿಂಗ್ ಕೆಲಸ ಮಾಡಿಕೊಂಡಿದ್ದಾನೆ. ನಮ್ಮ ಸಾಮಾನು ನೋಡಿ ಅವನ ಮೊದಲ ಮಾತು, 'ಮೂರ್ ಟೆಂಟಾ? ಯಾರ್ ಮದಿ ಇತ್ತಾ?' ನಕ್ಕೆವು. ಸಂಜೆ ಹೊರಡುವ ಹೊತ್ತಿಗೆ ಅವನು ಬರಲಿಲ್ಲ. ಫೋನು ಮಾಡಿದ್ರೆ 'ನಾನ್ ಬತ್ತಿಲ್ಲೆ ಮಾರಾಯಾ, ನೀವ್ ಹೋಯಿ ಬನಿ' ಅಂದ. ಅವನ ಮಾವನ ಗುಡ್ಡೆಯಲ್ಲಿ ಅವನಿಲ್ಲದೆ ನಾವು ಮೂವರು, ಒಬ್ಬೊಬ್ಬರಿಗೆ ಒಂದೊಂದು ಟೆಂಟು, ಒಂದೊಂದು ಸ್ಟವ್. ಮೂರು ಬೇರೆ ಬೇರೆ ಮನೆ ಮಾಡಿಕೊಂಡ ಅಣ್ಣ ತಮ್ಮಂದಿರ ಹಾಗೆ ಕೂತು ಮ್ಯಾಗಿ ತಿಂದೆವು. ರಾತ್ರಿ ಒಂದು ಸಣ್ಣ ಮಳೆ ಬಂತು, ನನ್ನ ಟೆಂಟು ಹೊಲಿಗೆಯ ಸಾಲಲ್ಲಿ ಸೋರಿತು. ಅದು ದೊಡ್ಡ ವಿಷಯ ಅಲ್ಲ ಬಿಡಿ.

ಮರುದಿನ ಅವನನ್ನು ಹಿಡಿದು ಕೇಳಿದೆ. ಆರು ಬ್ಯಾಗ್ ಇತ್ತಲ್ಲ, ನಿನಗೆ ಹಾಸಿಗೆ ಇಲ್ಲ ಅಂತ ಆಗ್ತಿತ್ತಾ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, 'ತಕಂಬತಿಗೆ ಒಂದ್ ಮಾತ್ ಹೇಳಿದ್ರೆ ನಾನೂ ಒಂದ್ ಪಾಲ್ ಹಾಕ್ತಿದ್ದೆ ಅಲ್ದಾ?'

ಈ 'ಪಾಲು' ಅನ್ನೋ ಶಬ್ದ ತಲೆಯಲ್ಲಿ ಕೂತುಬಿಟ್ಟಿತು. ಯಾಕಂದ್ರೆ ನಮ್ಮೂರಲ್ಲಿ ಅಗ್ಗಕ್ಕೆ ಕೊಳ್ಳುವ ವಿದ್ಯೆಯ ಹೆಸರೇ ಅದು. ನಾನು ಸಣ್ಣವನಿದ್ದಾಗ ಗಂಗೊಳ್ಳಿ ಕಡೆಯಿಂದ ಮೀನಿನ ಹೆಂಗಸರು ಹೆಡಿಗೆ ಹೊತ್ತು ಬರುತ್ತಿದ್ದರು. ಬಿಡಿ ಬಂಗುಡೆಗೆ ಒಂದು ರೇಟು, ನೂರಕ್ಕೆ ಬೇರೆಯೇ ರೇಟು. ಅಜ್ಜಿ ಆಚೀಚೆ ಮನೆಯ ಮೂರು ಜನರನ್ನು ಕೂಗಿ ಕರೆದು ನೂರು ಬಂಗುಡೆ ತೆಗೆದುಕೊಳ್ಳುತ್ತಿದ್ದಳು. ಬಂದರಿನಲ್ಲಿ ಮೀನಿನ ಹೆಂಗಸರು ಮಾಡುವುದೂ ಇದನ್ನೇ. ನಾಲ್ಕೈದು ಜನ ಸೇರಿ ಏಲಂನಲ್ಲಿ ಒಂದು ರಾಶಿ ಹಿಡಿದು ಆಮೇಲೆ ತಮ್ಮೊಳಗೆ ಹಂಚಿಕೊಳ್ಳುತ್ತಾರೆ. ಇನ್ನು ಹಂಚುವ ಕ್ರಮ ಇದೆಯಲ್ಲ, ಅದು ನಿಜಕ್ಕೂ ಚಂದ. ನಾಲ್ಕು ರಾಶಿ ಮಾಡುವುದು, ದೊಡ್ಡದು ಚಿಕ್ಕದು ಬೆರೆಸಿ. ಒಂದು ಮಗುವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುವುದು. ಅಜ್ಜಿ ಒಂದು ರಾಶಿಯ ಮೇಲೆ ಕೈ ಇಟ್ಟು 'ಇದ್ ಯಾರಿಗೆ?' ಅನ್ನುವಳು, ಮಗು ಒಂದು ಮನೆಯ ಹೆಸರು ಹೇಳುವುದು. ಆ ಮಗು ಎಷ್ಟೋ ಸಲ ನಾನೇ. ರಾಶಿ ಮಾಡುವವರಿಗೆ ಯಾವುದು ತಮಗೆ ಬರುತ್ತೆ ಅಂತ ಗೊತ್ತಿಲ್ಲ, ಹಾಗಾಗಿ ನಾಲ್ಕನ್ನೂ ಸಮ ಮಾಡಲೇಬೇಕು. ಇಂಜಿನಿಯರಿಂಗಿನಲ್ಲಿ ಆಲ್ಗರಿದಮ್ ಪಾಠ ಮಾಡಿದ ಯಾರೂ ನನಗೆ ಇಷ್ಟು ಸರಳವಾಗಿ ಯಾವುದನ್ನೂ ಹೇಳಿಕೊಡಲಿಲ್ಲ :-)

ಮೀನು ಸರಿ, ಕ್ಯಾಂಪಿಂಗಿಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಮ್ಮ ಕಡೆ ಹೊರಗೆ ಬದುಕುವ ಸಾಮಾನು ಯಾವತ್ತೂ ಇತ್ತು, ಹೆಸರು ಬೇರೆ ಅಷ್ಟೇ. ನಾಲ್ಕು ತಿಂಗಳ ಮಳೆಯಲ್ಲಿ ಬಗ್ಗಿ ನಟ್ಟಿ ಮಾಡುವವರ ಬೆನ್ನಿಗೆ ಗೊರಬು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ನಡೆಯುವವರಿಗೆ ಕಂಬಳಿ ಕೊಪ್ಪೆ, ಮಲಗುವುದಕ್ಕೆ ಚಾಪೆ. ಗೊರಬು ಹಾಕಿಕೊಂಡವರ ಎರಡು ಕೈಯೂ ಖಾಲಿ ಇರುತ್ತವೆ, ಬಗ್ಗಿದರೂ ಬೆನ್ನು ನೆನೆಯುವುದಿಲ್ಲ. ಈಗ ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಟ್ಟು ತರುವ ರೇನ್ ಪಾಂಚೋದ ಕೆಲಸವೂ ಅದೇ. ಇವನ್ನೆಲ್ಲ ಮಳೆಗೆ ಮುಂಚೆ ಕುಂದಾಪುರದ ಶನಿವಾರ ಸಂತೆಯಲ್ಲೋ ಜಾತ್ರೆಯಲ್ಲೋ ತರುವುದು. ಕೋಟೇಶ್ವರದ ಕೊಡಿ ಹಬ್ಬ ಮಾತ್ರ ಮಳೆ ಕಳೆದ ಮೇಲೆ, ವೃಶ್ಚಿಕ ಮಾಸದ ಹುಣ್ಣಿಮೆಗೆ. ಕೋಟಿತೀರ್ಥ ಕೆರೆಯ ಸುತ್ತ ಅಕ್ಕಿ ಹಾಕುತ್ತಾ ಸುತ್ತಕ್ಕಿ ಸೇವೆ ಮಾಡುವವರು ಒಂದು ಕಡೆ, ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಕೊಳ್ಳುವುದು ಇನ್ನೊಂದು ಕಡೆ, ನಡುವೆ ಚಾಪೆ, ಕತ್ತಿ, ಪಾತ್ರೆ, ಬಳೆ ಎಲ್ಲಾ. ನಮ್ಮ ಊರಿನ ಎಕ್ಸ್‌ಪೋ ಅಂದ್ರೆ ಅದೇ.

ಇನ್ನು ಕ್ಯಾಂಪು. ಈ ಶಬ್ದ ಕುಂದಾಪುರ, ಬ್ರಹ್ಮಾವರದ ಕಡೆಯವರಿಗೆ ಟ್ರೆಕ್ಕಿಂಗಿನಿಂದ ಬಂದದ್ದಲ್ಲ, ಯಕ್ಷಗಾನದಿಂದ. 'ಇವತ್ ಮೇಳದ ಕ್ಯಾಂಪ್ ಎಲ್ಲಿ?' ಅಂತ ಕೇಳಿಯೇ ನಾವು ಬೆಳೆದದ್ದು. ಮೇಳದವರು ಹಗಲು ಉಳಿದುಕೊಳ್ಳುವ ಜಾಗ ಬಿಡಾರ, ಊರೂರು ಸುತ್ತುವುದು ತಿರುಗಾಟ. ಲಾರಿ ಬರುವುದಕ್ಕೆ ಮುಂಚೆ ಮೇಳದ ಪೆಟ್ಟಿಗೆಗಳನ್ನು ತಲೆಮೇಲೆ ಹೊತ್ತು ಒಂದು ಕ್ಯಾಂಪಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಕಲಾವಿದನ ಸ್ವಂತದ್ದು ಅಂದ್ರೆ ಒಂದು ಟ್ರಂಕು, ಒಂದು ಹಾಸಿಗೆ. ಉಳಿದದ್ದೆಲ್ಲ ಮೇಳದ್ದು. ಕಿರೀಟ, ಗೆಜ್ಜೆ, ಚೌಕಿಯ ದೀಪ, ಅಡಿಗೆ ಪಾತ್ರೆ ಎಲ್ಲಾ ಎಲ್ಲರಿಗೂ ಸೇರಿ ಒಂದೇ ಸೆಟ್ಟು. ಸಾಲಿಗ್ರಾಮದಂಥ ಡೇರೆ ಮೇಳಗಳು ಬಂದ ಮೇಲೆ ಟೆಂಟೂ ಸೇರಿಕೊಂಡಿತು, ಅದೂ ಒಂದೇ. ಮಂದಾರ್ತಿಯಂಥ ಕಡೆ ಐದು ಮೇಳ ಇದ್ದರೂ ಪ್ರತಿ ಮೇಳ ಒಂದೊಂದು ಕುಟುಂಬದ ಹಾಗೆ. ಪ್ರತಿಯೊಬ್ಬ ವೇಷಧಾರಿಯೂ ತನ್ನದೇ ಡೇರೆ, ತನ್ನದೇ ಒಲೆ ಹೊತ್ತು ತಿರುಗಿದ್ದರೆ ದೀಪಾವಳಿಯಿಂದ ಮೇ ತಿಂಗಳವರೆಗಿನ ತಿರುಗಾಟ ಎರಡು ಊರು ದಾಟುತ್ತಿರಲಿಲ್ಲ. ಅಂದ ಹಾಗೆ ನಮ್ಮಲ್ಲಿ ಮಾರುವವನ ಕಾಂಬೋ ಆಫರ್ ಕೂಡ ಇತ್ತು. ಒಂದೇ ಟಿಕೆಟಿಗೆ ಎರಡು ಮೇಳ, ಅದೇ ಜೋಡಾಟ! ಆದರೆ ಅದರಲ್ಲಿ ಎರಡನ್ನೂ ನೋಡಲೇಬೇಕು ಅಂತ ಜನರಿಗೆ ಆಸೆ ಇತ್ತು. ನನ್ನ ಕಾಂಬೋದಲ್ಲಿ ಲಾಟೀನಿನ ಮೇಲೆ ನನಗೆ ಯಾವ ಆಸೆಯೂ ಇರಲಿಲ್ಲ.

ಡೇರೆ ಹೊತ್ತು ನಮ್ಮೂರು ದಾಟಿದ ಪರದೇಶದವರನ್ನೂ ಸ್ವಲ್ಪ ನೋಡೋಣ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿ ಕೈಗೆ ಬಂತು. ಹೊಸ ಸೀಮೆಯಲ್ಲಿ ಏನೇನು ಬೆಳೆಯುತ್ತೆ, ಏನು ಸಿಗುತ್ತೆ ಅಂತ ನೋಡಿ ಬರಲು ವೆಲ್ಲೆಸ್ಲಿ ಒಬ್ಬ ಡಾಕ್ಟರನ್ನು ಕಳಿಸಿದ, ಫ್ರಾನ್ಸಿಸ್ ಬುಕನನ್. 1800ರ ಏಪ್ರಿಲಿನಲ್ಲಿ ಮದರಾಸು ಬಿಟ್ಟವನು 1801ರ ಆರಂಭದಲ್ಲಿ ಉಡುಪಿ ದಾಟಿ ಬ್ರಹ್ಮಾವರ, ಕುಂದಾಪುರ, ಬೈಂದೂರಿನ ದಾರಿಯಾಗಿ ಭಟ್ಕಳಕ್ಕೆ ಹೋದ. ಈಗ ನಾವು ಹೆದ್ದಾರಿಯಲ್ಲಿ ಎರಡು ಗಂಟೆಯೊಳಗೆ ಮುಗಿಸುವ ದಾರಿ. ಅವನಿಗೆ ಹೊಳೆ ಹೊಳೆಗೂ ದೋಣಿ. ಆ ಕಾಲದ ಕಂಪನಿ ಅಧಿಕಾರಿಯ ಪ್ರಯಾಣ ಅಂದ್ರೆ ಡೇರೆ, ಮಂಚ, ಮೇಜು, ಅಡಿಗೆಯವರು, ಹೊರುವವರು ಸೇರಿ ಒಂದು ಸಣ್ಣ ದಿಬ್ಬಣ. ಆಮೇಲೆ ಕಲೆಕ್ಟರುಗಳು ಜಮಾಬಂದಿಗೆ ಅಂತ ಹೀಗೇ ತಿರುಗಿದರು. 'ಸಾಹೇಬ್ರು ಕ್ಯಾಂಪಿಗೆ ಹೋಗಿದ್ದಾರೆ' ಅಂತ ಸರ್ಕಾರಿ ಆಫೀಸಿನಲ್ಲಿ ಇವತ್ತಿಗೂ ಹೇಳ್ತಾರಲ್ಲ, ಅದರ ಹಿಂದೆ ಇರುವುದು ಆ ಡೇರೆಗಳೇ.

ಈ ಸಾಹೇಬರಿಗೂ ಸಾಮಾನು ದುಬಾರಿ ಅನ್ನಿಸುತ್ತಿತ್ತು. ಅದಕ್ಕೆ ಅವರು ಮಾಡಿದ ಉಪಾಯ ಕೇಳಿ ನನಗೆ ಅಜ್ಜಿಯೇ ನೆನಪಾದಳು. 1864ರಲ್ಲಿ ಲಂಡನ್ನಿನ ಅಂಚೆ ಕಚೇರಿಯ ಕೆಲವು ಗುಮಾಸ್ತರು ಸೇರಿ ಚಹಾವನ್ನು ಪೆಟ್ಟಿಗೆ ಲೆಕ್ಕದಲ್ಲಿ ಸಗಟು ದರಕ್ಕೆ ಕೊಂಡು ಹಂಚಿಕೊಂಡರು. ಅದೇ ಬೆಳೆದು ದೊಡ್ಡ ಸಹಕಾರಿ ಅಂಗಡಿಯಾಯಿತು. ಅದನ್ನು ನೋಡಿ 1871ರಲ್ಲಿ ಸೈನ್ಯ ಮತ್ತು ನೌಕಾಪಡೆಯ ಅಧಿಕಾರಿಗಳು ಆರ್ಮಿ ಅಂಡ್ ನೇವಿ ಕೋ-ಆಪರೇಟಿವ್ ಸೊಸೈಟಿ ಶುರು ಮಾಡಿದರು. ಇವರು ಮೊದಲು ಒಟ್ಟಿಗೆ ಕೊಂಡದ್ದು ವೈನು, ಇರಲಿ ಬಿಡಿ. ಇಂಡಿಯಾಕ್ಕೆ ಹೊರಟ ಅಧಿಕಾರಿ ಡೇರೆ, ಮಡಚುವ ಮಂಚ, ಮಡಚುವ ಕುರ್ಚಿ ಎಲ್ಲವನ್ನೂ ಇದೇ ಸೊಸೈಟಿಯ ಕ್ಯಾಟಲಾಗಿನಿಂದ ತರಿಸುವ ಹಾಗಾಯಿತು. 1891ರಲ್ಲಿ ಬೊಂಬಾಯಿಯಲ್ಲೂ ಅವರ ಅಂಗಡಿ ಬಂತು.

ಅದಕ್ಕಿಂತ ಚಂದದ ಕಥೆ ಅಮೆರಿಕದ ಸಿಯಾಟಲ್‌ನದ್ದು. ಲಾಯ್ಡ್ ಆಂಡರ್ಸನ್ ಅಂತ ಒಬ್ಬ, ಅವನ ಹೆಂಡತಿ ಮೇರಿ. ಇಬ್ಬರಿಗೂ ಬೆಟ್ಟ ಹತ್ತುವ ಹುಚ್ಚು. ಒಂದು ಒಳ್ಳೆಯ ಐಸ್ ಆಕ್ಸ್, ಅಂದ್ರೆ ಹಿಮದಲ್ಲಿ ಊರಿಕೊಳ್ಳುವ ಕೊಡಲಿ, ಅವರ ಊರಲ್ಲಿ 20 ಡಾಲರ್. ಆಸ್ಟ್ರಿಯಾದಿಂದ ನೇರ ತರಿಸಿದರೆ ಅಂಚೆ ಖರ್ಚು ಸೇರಿ 3.50 ಡಾಲರ್! ಸ್ನೇಹಿತರೆಲ್ಲ ನನಗೂ ಒಂದು, ನನಗೂ ಒಂದು ಅನ್ನತೊಡಗಿದರು. 1938ರಲ್ಲಿ 23 ಜನ ಸೇರಿ ಒಂದು ಸಹಕಾರಿ ಸಂಘ ಮಾಡಿದರು. ಅದೇ ಇವತ್ತಿನ ಆರ್‌ಇಐ. ಈಗ ಅಮೆರಿಕದಲ್ಲಿ ಕ್ಯಾಂಪಿಂಗ್ ಸಾಮಾನು ಅಂದ್ರೆ ನೆನಪಾಗುವ ದೊಡ್ಡ ಹೆಸರುಗಳಲ್ಲಿ ಒಂದು, ಮತ್ತು ಈಗಲೂ ಅದು ಸಹಕಾರಿಯೇ.

ಸಹಕಾರಿ ಅಂದಾಗ ನಮ್ಮವರನ್ನು ಬಿಟ್ಟರೆ ತಪ್ಪಾಗುತ್ತೆ. ದಕ್ಷಿಣ ಕನ್ನಡದ ಸಹಕಾರಿ ಪಿತಾಮಹ ಅಂತ ಕರೆಯುವ ಮೊಳಹಳ್ಳಿ ಶಿವರಾಯರು (1880-1967) ಕೆಲಸ ಮಾಡಿದ್ದು ಪುತ್ತೂರಿನಲ್ಲಿ. ಆದರೆ ಅವರ ಹೆಸರಿನ ಮೊಳಹಳ್ಳಿ ಇರುವುದು ನಮ್ಮ ಕುಂದಾಪುರ ತಾಲೂಕಿನಲ್ಲಿ. ಇನ್ನೂ ಹಿಂದೆ ಹೋದರೆ ಬಸ್ರೂರು. ಅಲ್ಲಿಯೂ ಬಾರಕೂರಿನಲ್ಲಿಯೂ ಸಿಕ್ಕ ಶಾಸನಗಳಲ್ಲಿ ನಖರ, ಹಂಜಮಾನ, ಸೆಟ್ಟಿಕಾರ ಅಂತ ವರ್ತಕರ ಕೂಟಗಳು ಬರುತ್ತವೆ. ಗೋವೆಯ ಪೋರ್ಚುಗೀಸರಿಗೆ ಉಣ್ಣಲು ಬಸ್ರೂರಿನ ಅಕ್ಕಿ ಬೇಕಿತ್ತು, ಆದರೆ ಅಲ್ಲಿ ಅವರಿಗೆ ಎದುರಾದದ್ದು ಬಿಡಿ ಬಿಡಿ ವ್ಯಾಪಾರಿಗಳಲ್ಲ, ತಮ್ಮ ಊರನ್ನು ತಾವೇ ನೋಡಿಕೊಳ್ಳುವ ವರ್ತಕರ ಗುಂಪು. ಕಡೆಗೆ 1569ರಲ್ಲಿ ಹಡಗು ತಂದು ಕೋಟೆ ಹಿಡಿದೇ ವ್ಯಾಪಾರ ಮಾಡಬೇಕಾಯಿತು. ಇದು ಕೊಳ್ಳುವವರ ಗುಂಪಲ್ಲ, ಮಾರುವವರದ್ದು, ಒಪ್ಪುತ್ತೇನೆ. ಒಟ್ಟಾಗಿ ನಿಂತವರ ಹತ್ತಿರ ರೇಟು ಮುರಿಯುವುದು ಕಷ್ಟ ಅನ್ನುವುದಕ್ಕೆ ಹೇಳಿದೆ.

ಹಾಗಾದ್ರೆ ಸ್ಟಾಲಿನವನು ತಾನೇ ಕಟ್ಟು ಕಟ್ಟಿ ಕೊಟ್ಟಾಗ ಯಾಕೆ ಬೇರೆ ಥರ ಆಗುತ್ತೆ? ನಮಗೂ ಸ್ವಲ್ಪ ಉಳಿಯುತ್ತಲ್ಲ? ಇದಕ್ಕೆ ಉತ್ತರ ಸಿನಿಮಾದಲ್ಲಿದೆ. ಅಮೆರಿಕದಲ್ಲಿ ಹಳೆ ಸಿನಿಮಾಗಳನ್ನು ಟಿವಿ ಸ್ಟೇಷನ್ನುಗಳಿಗೆ ಮಾರುವವರು ಒಳ್ಳೆಯದರ ಜೊತೆ ಕೆಟ್ಟದ್ದನ್ನೂ ಕಟ್ಟಿ ಕೊಡುತ್ತಿದ್ದರು. ವಾಷಿಂಗ್ಟನ್ನಿನ ಒಂದು ಸ್ಟೇಷನ್ನಿಗೆ 'ಕಾಸಾಬ್ಲಾಂಕಾ' ಬೇಕಿದ್ದರೆ 'ಗೊರಿಲ್ಲಾ ಮ್ಯಾನ್', 'ಟಗ್‌ಬೋಟ್ ಆನಿ ಸೇಲ್ಸ್ ಅಗೇನ್' ಇಂಥವನ್ನೂ ಕೊಳ್ಳಲೇಬೇಕಿತ್ತು. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದು ತಪ್ಪು ಅಂತ ತೀರ್ಪು ಕೊಟ್ಟಿತು. ಮರುವರ್ಷ ಜಾರ್ಜ್ ಸ್ಟಿಗ್ಲರ್ ಅನ್ನೋ ಅರ್ಥಶಾಸ್ತ್ರಜ್ಞ (1982ರಲ್ಲಿ ನೊಬೆಲ್ ಬಂತು) ಒಂದು ಪುಟ್ಟ ಲೇಖನದಲ್ಲಿ ಇದರ ಒಳಗುಟ್ಟು ಲೆಕ್ಕ ಹಾಕಿ ತೋರಿಸಿದ. ಒಂದು ಒಳ್ಳೆ ಸಿನಿಮಾ, ಒಂದು ಸಾಧಾರಣ ಸಿನಿಮಾ. ಮೊದಲ ಗಿರಾಕಿ ಒಳ್ಳೆಯದಕ್ಕೆ 8,000 ಡಾಲರ್ ಕೊಟ್ಟಾನು, ಸಾಧಾರಣದ್ದಕ್ಕೆ 2,500. ಎರಡನೆಯವನು 7,000 ಮತ್ತು 3,000. ಬಿಡಿಯಾಗಿ ಇಬ್ಬರಿಗೂ ಮಾರಬೇಕಾದರೆ 7,000 ಮತ್ತು 2,500 ಅಂತ ಬೆಲೆ ಇಡಬೇಕು, ಒಟ್ಟು ಸಿಗುವುದು 19,000. ಜೋಡಿ ಮಾಡಿ ಇಟ್ಟರೆ? ಮೊದಲನೆಯವನು ಜೋಡಿಗೆ 10,500 ಕೊಡಬಲ್ಲ, ಎರಡನೆಯವನು 10,000. ಜೋಡಿಗೆ 10,000 ಬೆಲೆ ಇಟ್ಟರೆ ಇಬ್ಬರೂ ಕೊಳ್ಳುತ್ತಾರೆ, ಒಟ್ಟು 20,000. ಸಿನಿಮಾ ಅವೇ, ಗಿರಾಕಿಗಳು ಅವರೇ, ಸುಮ್ಮನೆ ಒಂದು ದಾರ ಕಟ್ಟಿದ್ದಕ್ಕೆ ಸಾವಿರ ಡಾಲರ್ ಹೆಚ್ಚು. ನನಗೆ ಟೆಂಟಿನ ಮೇಲೆ ಆಸೆ, ಇನ್ನೊಬ್ಬನಿಗೆ ಸ್ಲೀಪಿಂಗ್ ಬ್ಯಾಗಿನ ಮೇಲೆ ಆಸೆ. ಕಾಂಬೋ ಅನ್ನುವುದು ಈ ಎರಡು ಆಸೆಗಳ ವ್ಯತ್ಯಾಸವನ್ನು ಚಪ್ಪಟೆ ಮಾಡುವ ಯಂತ್ರ. ಗಿರಾಕಿಗೆ ಏನೂ ಉಳಿಯುವುದಿಲ್ಲ ಅಂತಲ್ಲ. ಕಟ್ಟಿನಲ್ಲಿರುವ ಅಷ್ಟೂ ಸಾಮಾನು ಬೇಕಾಗಿದ್ದವನಿಗೆ ನಿಜವಾಗಿ ಲಾಭವೇ. ನನಗೆ ಬೇಕಾಗಿದ್ದದ್ದು ಎರಡು.

ಇದನ್ನೆಲ್ಲ ಓದಿ ಆದ ಮೇಲೆ ನಮ್ಮ ಲೆಕ್ಕ ಹಾಕಿದೆ, ಹಾಕಬಾರದಿತ್ತು. ಅದೇ ಎಕ್ಸ್‌ಪೋದಲ್ಲಿ ನಾಲ್ಕು ಜನರ ಟೆಂಟು 6,500ಕ್ಕೆ ಇತ್ತು, ಬಿಡಿ ಸ್ಲೀಪಿಂಗ್ ಬ್ಯಾಗು 1,300, ಸ್ಟವ್ 900. ಒಂದು ಟೆಂಟು, ನಾಲ್ಕು ಬ್ಯಾಗು, ಒಂದು ಸ್ಟವ್, ಒಟ್ಟು 12,600. ನಾಲ್ಕು ಪಾಲು ಮಾಡಿದರೆ ತಲೆಗೆ 3,150 ರೂಪಾಯಿ. ನಾವು ಮೂವರು ಕೊಟ್ಟದ್ದು ತಲೆಗೆ 7,999. ಜೊತೆಗೆ ನಾಲ್ಕನೆಯವನು ಬರಲೇ ಇಲ್ಲ. ಬೋರ್ಡಿನ ಮೇಲಿನ ಆ ಅಡ್ಡಗೆರೆ ನೋಡುವ ಬದಲು ಬೈಂದೂರಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಅಮ್ಮನಿಗೆ ಈ ಲೆಕ್ಕ ಹೇಳಿದಾಗ ಅವಳು ಸ್ಟಿಗ್ಲರನ ಹೆಸರು ಕೇಳದೆಯೇ ಹೇಳಿದ್ದು, 'ನಾಕ್ ಜನ ಸೇರಿ ತಕಂಬುಕಾಗ್ಲಿಲ್ಯಾ?'

ಹೋದ ವರ್ಷ ಕೊಡಿ ಹಬ್ಬಕ್ಕೆ ರಜೆ ಹಾಕಿ ಹೋದೆವು. ಹಬ್ಬ ಮುಗಿಸಿ ಮರುದಿನ ಮೂರು ಕಾಂಬೋವನ್ನೂ ಕಾರಿಗೆ ಹಾಕಿಕೊಂಡು ಬೈಂದೂರಿಗೆ, ಅವನ ಮನೆ ಜಗುಲಿಗೆ. ನಾನು ಪಾಲಿನ ಮಾತು ಎತ್ತಿದೆ. ಅವನು ಮೊದಲು ಬೇಡ ಅಂದ, ಆಮೇಲೆ ಹಾಗಾದ್ರೆ ದುಡ್ಡು ತೆಗೆದುಕೊಳ್ಳಲೇಬೇಕು ಅಂದ. ಹಳೆ ಸಾಮಾನು, ಅರ್ಧ ಬೆಲೆ ಸಾಕು ಅಂದರೆ ಕೇಳಲಿಲ್ಲ. 23,997ನ್ನು ನಾಲ್ಕರಿಂದ ಭಾಗಿಸಿ 5,999 ರೂಪಾಯಿ 25 ಪೈಸೆ ಅಂತ ಅವನೇ ಲೆಕ್ಕ ಮಾಡಿ, ನಮ್ಮ ಮೂವರಿಗೂ ಎರಡೆರಡು ಸಾವಿರ ಫೋನಿನಲ್ಲಿ ಕಳಿಸಿದ. 'ಎಪ್ಪತ್ತೈದ್ ಪೈಸೆ ನಿಮ್ಗೇ ಇರ್ಲಿ' ಅಂದ. ಮತ್ತೆ ನಕ್ಕೆವು, ಈ ಸಲ ಅವನೂ ನಕ್ಕ.

ಮೂರು ಟೆಂಟು, ಆರು ಬ್ಯಾಗು, ಆರು ಮ್ಯಾಟು, ಮೂರು ಲಾಟೀನು, ಮೂರು ಸ್ಟವ್. ನಾಲ್ಕು ರಾಶಿ ಮಾಡುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಮೂರು ರಾಶಿಗೆ ಒಂದು ಟೆಂಟು, ಒಂದು ಬ್ಯಾಗು, ಒಂದು ಮ್ಯಾಟು. ನಾಲ್ಕನೆಯದಕ್ಕೆ ಟೆಂಟಿಲ್ಲ, ಉಳಿದದ್ದೆಲ್ಲ. ಅವನ ಅಣ್ಣನ ಮಗಳಿಗೆ ಐದು ವರ್ಷ, ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆವು. ಅವನ ಅಮ್ಮ ಒಂದೊಂದೇ ರಾಶಿಯ ಮೇಲೆ ಕೈ ಇಟ್ಟು 'ಇದ್ ಯಾರಿಗೆ?' ಅಂತ ಕೇಳಿದರು. ಮೊದಲನೇ ಟೆಂಟು ಅವನಿಗೇ ಹೋಯಿತು, ಎರಡನೆಯದು, ಮೂರನೆಯದು ಉಳಿದಿಬ್ಬರಿಗೆ. ಎಲ್ಲರಿಗಿಂತ ಮೊದಲು ಕಾರ್ಡ್ ಉಜ್ಜಿದವನಿಗೆ ಮೂರು ಲಾಟೀನು, ಮೂರು ಸ್ಟವ್.